ನರಿ ಕಡಿದದ್ದು

ತಾರ್ತುವಿನ ಮಾರ್ಚ್ ತಿಂಗಳು
ಹಿಮವೂ ಅಲ್ಲ, ನೀರೂ ಅಲ್ಲ.
ಹೊಳೆಯ ಮೇಲಿನ ಗಡ್ಡೆ ರಾತ್ರಿಯಿಡೀ
ಕರಕರ ಬಿರಿಯುತ್ತದೆ.
ನನ್ನ ಬಲ ಮಣಿಕಟ್ಟಿನೊಳಗೂ ಅದೇ ಸದ್ದು.
ಬೇರೆಯವರಿಗೆ ಕೇಳದು;
ಕಿವಿಗೊಡುವುದೇ ನನ್ನ ಕಸುಬು.

ಪಿಯಾನೋಗಳಿಗೆ ಶ್ರುತಿ ಕೂಡಿಸುವವಳು ನಾನು:
ಶಾಲೆಗಳದ್ದು, ಇಗರ್ಜಿ ಸಭಾಂಗಣದ್ದು,
ಯಾರೂ ನುಡಿಸದೆ ಮೇಲೆ ಹೂಕುಂಡ ಹೊತ್ತು ನಿಂತದ್ದು.
ಒಂದೊಂದರಲ್ಲೂ ಇನ್ನೂರಕ್ಕೆ ಮಿಕ್ಕಿದ ತಂತಿ.
ಕೂದಲೆಳೆಯಷ್ಟು ಬಿಗಿ, ಅರೆ ಕೂದಲು ಸಡಿಲಿಸು,
ಅಲುಗುವ ನಾದ ನಿಲ್ಲುವ ತನಕ ಕಾಯಿ.
ಹನ್ನೊಂದು ವರ್ಷ ಹೀಗೆ ದುಡಿದೂ ಮುನಿಯದ ಕೈ
ಏಳೂಕಾಲು ಕಿಲೋ ಮಿರ್ತೆಲ್‌ಳಿಗೆ ಮುನಿದಿದೆ.

ಹಾಲಿನ ಬಾಟಲಿಯ ಮುಚ್ಚಳ ತಿರುಗದು.
ಬೀಗದ ಕೈ ತಿರುಗದು.
ಅಂಗಿಯ ಗುಂಡಿಯೊಂದು ಬೆಳಗಿನಿಂದ
ಕಾಜದ ಹೊರಗೇ ಕಾದು ಕೂತಿದೆ.

ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿ
ಕಿರುಬೆರಳ ಕಡೆ ಬಾಗಿಸಿ ಅಂದರು ಡಾಕ್ಟರು.
ಬಾಗಿಸಿದೆ.
ನಾನು ಕೂಗಿದ್ದಕ್ಕೆ ಮಗು ಬೆಚ್ಚಿ ಅತ್ತಿತು,
ಅವರು ನಕ್ಕು ಬರೆದುಕೊಂಡರು.
ಒಂದು ಪಟ್ಟಿ, ಒಂದು ಮುಲಾಮು, ಒಂದು ಹಾಳೆ.
'ವಿಶ್ರಾಂತಿ ಕೊಡಿ' ಎಂದಿತ್ತು ಹಾಳೆಯ ಮೊದಲ ಸಾಲಲ್ಲಿ.
ಯಾರಿಗೆ ಹೇಳಲಿ? ತೊಟ್ಟಿಲಿಗೆ ಹೇಳಲೆ?

ಮೇಲಿನ ಮಹಡಿಯ ಲೈನೆ ಅಜ್ಜಿ
ಪಟ್ಟಿ ಕಂಡದ್ದೇ ತಡ, 'ನರಿ' ಎಂದಳು.
ನಮ್ಮ ಮಾತಲ್ಲಿ ನರಿ ಎಂದರೆ ಕಾಡಿನದ್ದಲ್ಲ,
ಕೀಲಿನಲ್ಲಿ ಕೂತು ಕಿರುಗುಟ್ಟುವ ನೋವು.
ಸಾಮೂಹಿಕ ಕೊಟ್ಟಿಗೆಯಲ್ಲಿ ದಿನಕ್ಕೆ ಹದಿನಾಲ್ಕು ಹಸು
ಕೈಯಲ್ಲೇ ಕರೆದವಳು ಅವಳು.
'ನಮಗೆಲ್ಲ ಇತ್ತು. ಯಾರ ಕೈಲಿ ಇರಲಿಲ್ಲ ಹೇಳು?
ಮೇಲ್ವಿಚಾರಕನ ಕೈಲಿ.'

ಕೆಂಪು ಉಣ್ಣೆಯ ದಾರಕ್ಕೆ ಒಂಬತ್ತು ಗಂಟು ಹಾಕಿ ಕಟ್ಟಿದಳು.
ಹೊಸ್ತಿಲ ಮೇಲೆ ಕೈ ಇಡು ಅಂದಳು.
ಕೊಡಲಿ ಬೇಕಂತೆ. ಬಾಡಿಗೆ ಫ್ಲಾಟಿನಲ್ಲಿ ಎಲ್ಲಿಯ ಕೊಡಲಿ,
ಮರದ ಸೌಟು ತಂದೆ.
ಕಡಿಯುವುದು ಮನೆಯ ಕೊನೇ ಕೂಸೇ ಆಗಬೇಕಂತೆ.
ಇರುವುದು ಒಂದೇ; ಮೊದಲಿನದೂ ಅದೇ, ಕೊನೆಯದೂ ಅದೇ,
ನೋವು ತಂದದ್ದೂ ಅದೇ.

ಮಿರ್ತೆಲ್‌ಳ ಮುಷ್ಟಿಗೆ ಸೌಟು ಕೊಟ್ಟು
ತನ್ನ ಮುದಿ ಮುಷ್ಟಿಯಿಂದ ಅದನ್ನು ಮುಚ್ಚಿದಳು.
'ಕೇಳು' ಎಂದಳು. ಕೇಳಿದೆ:
ಏನು ಕಡಿಯುತ್ತೀ?
'ನರಿ ಕಡಿಯುತ್ತೀನಿ.'
ಚೆನ್ನಾಗಿ ಕಡಿ, ಮತ್ತೆ ಬಾರದ ಹಾಗೆ ಕಡಿ.
ಒಂದು ಪೆಟ್ಟು ಮರಕ್ಕೆ. ಎರಡನೆಯದೂ ಮರಕ್ಕೆ.
ಮೂರನೆಯದು ನೇರ ನನ್ನ ಹೆಬ್ಬೆರಳಿಗೆ.

ಹಾಡುಹಗಲೇ ನಕ್ಷತ್ರ ಕಂಡೆ.
ಮಗು ಮೊದಲ ಸಲ ಗಹಗಹಿಸಿ ನಕ್ಕಿತು,
ಅಜ್ಜಿ ಹೊಸ್ತಿಲಲ್ಲೇ ಕುಸಿದು ಕೂತು ನಕ್ಕಳು,
ನಾನು ಅಳುತ್ತಲೇ.

ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು:
'ಕಂಕುಳಿಗೆ ಹೆಬ್ಬೆರಳು ಕೊಟ್ಟು ಎತ್ತಬೇಡ, ದಡ್ಡಿ.
ಅಂಗೈ ಮೇಲಾಗಿಸು, ಕುಂಡೆಯ ಕೆಳಗೆ ತೂರಿಸು,
ಒಲೆಯಿಂದ ರೊಟ್ಟಿ ತೆಗೆಯುವ ಹಾಗೆ.
ಮೊಣಕೈ ಎತ್ತಲಿ, ಮೊಣಕಾಲು ಎತ್ತಲಿ,
ಹೆಬ್ಬೆರಳು ಅತ್ತೆಮನೆಗೆ ಬಂದ ನೆಂಟನಂತೆ
ಸುಮ್ಮನೆ ನೋಡುತ್ತಿರಲಿ.'
ಹಾಳೆಯ ನಾಲ್ಕನೇ ಸಾಲಲ್ಲಿ ಅದೇ ಇತ್ತು, ಚಿತ್ರದ ಸಮೇತ.
ಅಷ್ಟು ದೂರ ನಾನು ಓದಿರಲಿಲ್ಲ.

ನರಿ ಹೋಗಲಿಲ್ಲ.
ಶಾಲೆಯ ಎರಡು ಪಿಯಾನೋ ಏಪ್ರಿಲ್‌ಗೆ ಮುಂದೂಡಿದೆ,
ಮೂರನೆಯದು ಬೇರೊಬ್ಬನ ಪಾಲಾಯಿತು.
ಅವನು ಮಧ್ಯದ ತಂತಿಗಳನ್ನು ಅವಸರದಲ್ಲಿ ಬಿಗಿಯುತ್ತಾನೆ,
ಹೇಳಿದರೆ ಹೊಟ್ಟೆಕಿಚ್ಚು ಎಂದಾರು.

ರಾತ್ರಿ ಮೂರು ಗಂಟೆ.
ಷಡ್ಜಕ್ಕಿಂತ ತುಸು ಕೆಳಗೆ ಇವಳ ಅಳು.
ಮಂಡಿಯೂರಿ, ಅಂಗೈ ತೂರಿಸಿ, ರೊಟ್ಟಿಯಂತೆ ಎತ್ತಿದೆ.
ಸ್ನಾನದಲ್ಲಿ ನೆನೆದ ಕೆಂಪು ದಾರ ಇನ್ನೂ ತಣ್ಣಗಿತ್ತು,
ಬಣ್ಣ ಬಿಟ್ಟು ಇವಳ ಬಟ್ಟೆಗೂ ತಾಗಿತು.

ನಿದ್ದೆಗಣ್ಣಲ್ಲಿ ತೊನೀಸ್ ಕೇಳಿದ: ನೋವಾಯಿತೆ?
ಆಯಿತು, ಅಂದೆ.
ನಿನ್ನೆಗಿಂತ ಅರೆ ಕೂದಲು ಕಡಿಮೆ.